ಘಟ್ಟಕ್ಕೂ ಅಳಿವೆಗೂ ಆಗುವ ವಾಕಿಟಾಕಿ, ಜಿಪಿಎಸ್ ಯಾವುದು?

ಅಳಿವೆಬಾಗಿಲು

ನಮಸ್ಕಾರ. ನಾವು ಉಡುಪಿ, ಬ್ರಹ್ಮಾವರ ಕಡೆಯ ಎಂಟು ಜನ. ಮಳೆ ಬಿಟ್ಟ ಮೇಲೆ ಎರಡು ನಮೂನೆಯ ತಿರುಗಾಟ ಉಂಟು. ಒಂದು ಘಟ್ಟ ಹತ್ತುವುದು: ಕುಮಾರ ಪರ್ವತ, ಕೊಡಚಾದ್ರಿ, ಕುದುರೆಮುಖ. ಇನ್ನೊಂದು ಕೋಡಿಬೆಂಗ್ರೆ ಅಳಿವೆಯಲ್ಲಿ, ಕಾಂಡ್ಲಾ ಕಾಡಿನ ಸಂದಿಗಳಲ್ಲಿ ಕಯಾಕ್. ಮುಂದೆ ಹೋದವರಿಗೂ ಹಿಂದೆ ಉಳಿದವರಿಗೂ ಸಂಪರ್ಕ ಇರಬೇಕು, ಘಟ್ಟದಲ್ಲಿ ಮೊಬೈಲ್ ನಂಬಿ ಕೂರಲು ಆಗುವುದಿಲ್ಲ.

ಆನ್‌ಲೈನಿನಲ್ಲಿ ವಾಕಿಟಾಕಿ ನೋಡಿದರೆ ಒಂದರ ಮೇಲೆ 5 ಕಿ.ಮೀ., ಇನ್ನೊಂದರ ಮೇಲೆ 10 ಕಿ.ಮೀ. ಎಂದು ಬರೆದಿದೆ. ನಮ್ಮ ಕಾಡಿನಲ್ಲಿ ನಿಜವಾಗಿ ಎಷ್ಟು ದೂರ ಕೇಳುತ್ತದೆ? ಲೈಸೆನ್ಸ್ ಬೇಕಾ? ಅಮೆರಿಕದ ಸಂಬಂಧಿಕರು ರೇಡಿಯೊ, ಜಿಪಿಎಸ್ ಎರಡೂ ಒಂದರಲ್ಲೇ ಇರುವ ಗಾರ್ಮಿನ್ ರೈನೊ ತಂದುಕೊಡುತ್ತೇವೆ ಎನ್ನುತ್ತಾರೆ, ಅದು ಆಗುತ್ತದಾ? ಜಿಪಿಎಸ್ ಬೇರೆಯೇ ತೆಗೆದುಕೊಳ್ಳಬೇಕಾ, ಫೋನು ಸಾಕಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಅರ್ಧವಾಟ್

ಮೊದಲು ಕಾನೂನು ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ಸೆಟ್ಟಿಗೆ ದುಡ್ಡು ಹಾಕಿದ ಮೇಲೆ ಹೇಳಿ ಪ್ರಯೋಜನ ಇಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಯಾರೂ ಬಳಸಬಹುದಾದ ವಾಕಿಟಾಕಿ 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನದ್ದು. 2018ರ ನಿಯಮದಲ್ಲಿ ಈ ವಿನಾಯಿತಿ ಇದೆ, ಶಕ್ತಿಯ ಮಿತಿ ಅರ್ಧ ವಾಟ್. ಆ ಮಿತಿ ಆಂಟೆನಾದಿಂದ ಹೊರಬೀಳುವ ಶಕ್ತಿಗೆ, ಹಾಗಾಗಿ ಉದ್ದದ ಆಂಟೆನಾ ಸಿಕ್ಕಿಸಿ ದೂರ ಹೆಚ್ಚಿಸುವ ಉಪಾಯವೂ ಮಿತಿ ಮೀರಿದ ಹಾಗೆಯೇ. ಸೆಟ್ಟಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಪ್ರಮಾಣಪತ್ರ, ಅಂದರೆ ಆ ಮಾದರಿಯ ಸೆಟ್ಟಿಗೆ ಇಲಾಖೆಯ ಮಂಜೂರಾತಿ, ಇರಬೇಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಆನ್‌ಲೈನ್ ಮಾರಾಟಗಾರರು ಫ್ರೀಕ್ವೆನ್ಸಿಯನ್ನೂ ಇಟಿಎ ವಿವರವನ್ನೂ ತೋರಿಸಬೇಕು. ಅವೆರಡೂ ಕಾಣದ ಸೆಟ್ಟು ಎಷ್ಟೇ ಅಗ್ಗ ಇರಲಿ, ಬಿಟ್ಟುಬಿಡಿ.

ರೈನೊ ಬೇಡ ಅಂತ ಹೇಳಿ. ಅದು ಅಮೆರಿಕದ 462 ಮತ್ತು 467 ಮೆಗಾಹರ್ಟ್ಸ್‌ಗೆ ಮಾಡಿದ್ದು. ಇಲ್ಲಿ ಆ ಫ್ರೀಕ್ವೆನ್ಸಿಗೆ ವಿನಾಯಿತಿ ಇಲ್ಲ, ಸಾಲದ್ದಕ್ಕೆ ನಿಮ್ಮ ಬಾಕಿ ಏಳು ಜನರ 446 ಸೆಟ್ಟಿಗೆ ಅದರ ಮಾತು ಕೇಳುವುದೂ ಇಲ್ಲ. 5 ವಾಟಿನ ಬಾವೊಫೆಂಗ್ ತರದ ಸೆಟ್ಟುಗಳು ಹವ್ಯಾಸಿ ರೇಡಿಯೊ ಲೈಸೆನ್ಸ್ ಇದ್ದವರಿಗೆ ಮಾತ್ರ. 12 ವರ್ಷ ದಾಟಿದ ಯಾರೂ ಆ ಪರೀಕ್ಷೆ ಬರೆಯಬಹುದು, ಪಾಸಾದರೆ 144–146 ಮತ್ತು 434–438 ಮೆಗಾಹರ್ಟ್ಸ್ ಸಿಗುತ್ತದೆ. ಆದರೆ ಎಂಟೂ ಜನಕ್ಕೆ ಲೈಸೆನ್ಸ್ ಬೇಕಾಗುತ್ತದೆ.

ಈಗ ದೂರದ ಮಾತು. ಪೆಟ್ಟಿಗೆ ಮೇಲಿನ 10 ಕಿ.ಮೀ. ಪೂರ್ತಿ ಸುಳ್ಳಲ್ಲ, ಆದರೆ ಅದು ನಡುವೆ ಏನೂ ಅಡ್ಡ ಇಲ್ಲದ ಜಾಗದ್ದು. ರೇಡಿಯೊ ದಿಗಂತಕ್ಕೆ, ಅಂದರೆ ಭೂಮಿಯ ಉಬ್ಬು ಅಡ್ಡ ಬರುವ ಮೊದಲು ಅಲೆ ಎಷ್ಟು ಕಿ.ಮೀ. ಹೋಗುತ್ತದೆ ಎನ್ನುವುದಕ್ಕೆ, ಒಂದು ಸುಲಭ ಲೆಕ್ಕ ಉಂಟು: ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಒಂದೊಂದರ ವರ್ಗಮೂಲ ಕೂಡಿಸಿ, 4.12ರಿಂದ ಗುಣಿಸಿ. ಇಬ್ಬರೂ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದರೆ ಸುಮಾರು 10 ಕಿ.ಮೀ. ಬರುತ್ತದೆ. ಗಿಡ, ಗುಡ್ಡ, ಗೋಡೆ ಯಾವುದೂ ಈ ಲೆಕ್ಕದಲ್ಲಿ ಇಲ್ಲ. 446ರ ಅಲೆಯ ಉದ್ದ 67 ಸೆಂ.ಮೀ. ಅಷ್ಟೆ, ಗುಡ್ಡದ ಅಂಚಿನಲ್ಲಿ ಬಾಗಿ ಆಚೆ ಇಳಿಯುವ ಗುಣ ಅದಕ್ಕೆ ಕಡಿಮೆ, ಒದ್ದೆ ಎಲೆ ಅದನ್ನು ಹೀರುತ್ತದೆ. ಕುಕ್ಕೆಯಿಂದ ಹತ್ತುವಾಗ ಭಟ್ಟರ ಮನೆಯವರೆಗಿನ ದಟ್ಟ ಕಾಡಿನಲ್ಲಿ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮೇಲಿನ ಹುಲ್ಲುಗಾವಲಿನಲ್ಲಿ ಒಬ್ಬರಿಗೊಬ್ಬರು ಕಾಣುವಷ್ಟು ದೂರಕ್ಕೂ ಅದೇ ಸೆಟ್ಟು ಸಲೀಸಾಗಿ ಮುಟ್ಟುತ್ತದೆ. ಗುಡ್ಡದ ಏಣು ನಡುವೆ ಬಂದರೆ 300 ಮೀಟರಿಗೂ ಸದ್ದಡಗುತ್ತದೆ. ಇದಕ್ಕೆ ಮದ್ದು ವಾಟ್ ಅಲ್ಲ: ಏಣಿನ ಮೇಲೆ ಒಬ್ಬರು ನಿಂತು ಆ ಕಡೆಯ ಮಾತು ಈ ಕಡೆಗೆ ದಾಟಿಸಬೇಕು. ಎಂಟು ಜನಕ್ಕೆ ಮೂರು ಸೆಟ್ಟು ಸಾಕು, ಮುಂದಿನವರಿಗೊಂದು, ಕೊನೆಯವರಿಗೊಂದು, ನಡುವಿನವರಿಗೊಂದು. ನಾಲ್ಕನೆಯದು ಚೀಲದಲ್ಲಿರಲಿ.

ಸೆಟ್ ಹಿಡಿಯುವ ಕ್ರಮವೂ ಮುಖ್ಯ. ಆಂಟೆನಾ ನೆಟ್ಟಗೆ ಮೇಲ್ಮುಖ, ಬಾಯಿಂದ ನಾಲ್ಕೈದು ಸೆಂ.ಮೀ. ದೂರ. ಸೊಂಟಕ್ಕೆ ಸಿಕ್ಕಿಸಿಯೇ ಮಾತಾಡಿದರೆ ನಿಮ್ಮ ಮೈಯೇ ಸಿಗ್ನಲ್ ತಿನ್ನುತ್ತದೆ. ಮಾತಾಡುವ ಗುಂಡಿ (ಪಿಟಿಟಿ) ಒತ್ತಿ, ಒಂದು ಸೆಕೆಂಡ್ ಬಿಟ್ಟು, ಮತ್ತೆ ಮಾತು. ಬ್ಯಾಟರಿ ಉಳಿಸಲು ಆಚೆಯ ಸೆಟ್ಟು ಅರೆನಿದ್ದೆಯಲ್ಲಿರುತ್ತದೆ, ಎದ್ದು ಟೋನ್ (ಮಾತಿನ ಜೊತೆ ಹೋಗುವ ಗುರುತಿನ ಸ್ವರ) ಗುರುತಿಸುವಷ್ಟರಲ್ಲಿ ನಿಮ್ಮ ಮೊದಲ ಶಬ್ದ ಹೋಗಿರುತ್ತದೆ. "ಬರಬೇಡಿ" ಅಂದದ್ದು "ಬೇಡಿ" ಅಂತ ಕೇಳಿದರೆ ಏನಾದೀತು, ಯೋಚಿಸಿ.

ಏಣುದಾರಿ

ಅರ್ಧವಾಟ್ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಚಾರಣಕ್ಕೆ ಅನುಮತಿ ಮಾಡಿಸುವಾಗಲೇ ವಾಕಿಟಾಕಿ ಒಯ್ಯುವ ವಿಷಯ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿಧಾಮದೊಳಗೆ. ಗೇಟಿನಲ್ಲಿ ಚರ್ಚೆ ಮಾಡುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು.

ಜಿಪಿಎಸ್ ವಿಷಯಕ್ಕೆ ಬರುವ. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಲ್ಲ. ನೆಟ್‌ವರ್ಕ್ ಬೇಕಾಗುವುದು ಎರಡಕ್ಕೆ, ನಕ್ಷೆ ಇಳಿಸಲು ಮತ್ತು ಉಪಗ್ರಹಗಳ ವಿವರ ಬೇಗ ತರಿಸಿಕೊಳ್ಳಲು. ನೆಟ್‌ವರ್ಕ್ ಇಲ್ಲದಿದ್ದರೆ ಆ ವಿವರ ಉಪಗ್ರಹದಿಂದಲೇ ನಿಧಾನ ಬರಬೇಕು, ಒಂದೊಂದು ಉಪಗ್ರಹಕ್ಕೆ ಕನಿಷ್ಠ ಅರ್ಧ ನಿಮಿಷ. ಕಾಡೊಳಗೆ ಅದು ತುಂಡು ತುಂಡಾಗಿ ಬಂದು ಮತ್ತೂ ತಡವಾಗುತ್ತದೆ. ಅದಕ್ಕೆ ಗಾಡಿ ಇಳಿದ ಕೂಡಲೇ, ಆಕಾಶ ಕಾಣುವ ಜಾಗದಲ್ಲಿ ಐದು ನಿಮಿಷ ಆನ್ ಮಾಡಿಡಿ, ಗಾಡಿ ನಿಲ್ಲಿಸಿದ ಜಾಗವನ್ನೇ ಮೊದಲ ಗುರುತಾಗಿ ಉಳಿಸಿ, ಆಮೇಲೆ ಹೊರಡಿ. ನಕ್ಷೆಯನ್ನು ಮನೆಯಲ್ಲೇ ಓಸ್ಮಾಂಡ್ ಅಥವಾ ಆರ್ಗಾನಿಕ್ ಮ್ಯಾಪ್ಸ್‌ನಲ್ಲಿ ಇಳಿಸಿಟ್ಟುಕೊಳ್ಳಿ, ದಾರಿಯ ಗುರುತುಗಳಿರುವ ಜಿಪಿಎಕ್ಸ್ ಫೈಲು ಎಂಟೂ ಫೋನುಗಳಲ್ಲಿರಲಿ. ಘಟ್ಟದಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಲೊಕೇಶನ್ ಮಾತ್ರ ಆನ್ ಇಡಿ. ಟವರ್ ಹುಡುಕಿ ಹುಡುಕಿಯೇ ಅರ್ಧ ಬ್ಯಾಟರಿ ಹೋಗುವುದು. 10,000 ಎಂಎಎಚ್ ಪವರ್ ಬ್ಯಾಂಕಿನಿಂದ ನಿಜವಾಗಿ ಸಿಗುವುದು 6,000ದ ಆಸುಪಾಸು, ಯಾಕೆಂದರೆ ಬರೆದ ಅಂಕಿ ಒಳಗಿನ 3.7 ವೋಲ್ಟಿನದ್ದು, ಹೊರಗೆ ಕೊಡುವುದು 5 ವೋಲ್ಟಿನಲ್ಲಿ.

ಹಾಗಾದರೆ ಬೇರೆ ಜಿಪಿಎಸ್ ಯಾಕೆ? ನನ್ನ ಮಟ್ಟಿಗೆ ಒಂದೇ ದೊಡ್ಡ ಕಾರಣ, ಮಳೆ. ಒದ್ದೆ ಬೆರಳಿಗೆ, ಹನಿ ಬಿದ್ದ ಗಾಜಿಗೆ ಟಚ್‌ಸ್ಕ್ರೀನ್ ಮಾತು ಕೇಳುವುದಿಲ್ಲ. ಚಾರ್ಜಿಂಗ್ ಕಿಂಡಿ ಒದ್ದೆಯಾದರೆ ಚಾರ್ಜೂ ಇಲ್ಲ. ಬಟನ್ ಇರುವ, ಎರಡು ಡಬಲ್-ಎ ಸೆಲ್ ಹಾಕುವ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ತರದ್ದು ಒಂದೇ ಜೋಡಿಯಲ್ಲಿ ಸುಮಾರು 25 ತಾಸು ನಡೆಯುತ್ತದೆ, ಸೆಲ್ ಊರ ಅಂಗಡಿಯಲ್ಲೂ ಸಿಗುತ್ತದೆ. ಎಂಟು ಜನಕ್ಕೆ ಒಂದು ಸಾಕು. ಚಾರ್ಜ್ ಮಾಡುವ 1.2 ವೋಲ್ಟಿನ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಜಾತಿ ಬದಲಿಸಿ, ಇಲ್ಲದಿದ್ದರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಎಂದು ತೋರಿಸುತ್ತದೆ. 32ಎಕ್ಸ್‌ನಲ್ಲಿ ವಾಯುಭಾರದಿಂದ ಎತ್ತರ ಅಳೆಯುವ ಸೌಲಭ್ಯ ಮತ್ತು ದಿಕ್ಸೂಚಿ ಹೆಚ್ಚಿಗೆ. ಅದನ್ನು ಎತ್ತರ ಗೊತ್ತಿರುವ ಜಾಗದಲ್ಲಿ ಸರಿಮಾಡಿಯೇ ಹೊರಡಬೇಕು. ಒತ್ತಡ ಒಂದು ಮಿಲಿಬಾರ್ ಇಳಿದರೆ ನೀವು ಕೂತಲ್ಲೇ ಎಂಟು ಮೀಟರ್ ಹತ್ತಿದಿರಿ ಎನ್ನುತ್ತದೆ.

ಗಾರ್ಮಿನ್ ಮಾದರಿಯ ಹೆಸರಿನ ಕೊನೆಯಲ್ಲಿ 'ಐ' ಇರುವ 66ಐ, 67ಐ ತರದವು ಬೇಡವೇ ಬೇಡ. ಅವುಗಳಲ್ಲಿ ಇನ್‌ರೀಚ್ ಎಂಬ ಉಪಗ್ರಹ ಸಂದೇಶದ ವ್ಯವಸ್ಥೆ ಇದೆ. ಥುರಾಯಾ, ಇರಿಡಿಯಂ ಫೋನುಗಳ ಹಾಗೆ ಅದನ್ನೂ ಸರ್ಕಾರದ ಅನುಮತಿ ಇಲ್ಲದೆ ಭಾರತದಲ್ಲಿ ಬಳಸುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಇವುಗಳ ಸಮೇತ ಸಿಕ್ಕಿ ಕೇಸು ಹಾಕಿಸಿಕೊಂಡ ವಿದೇಶಿ ಪ್ರವಾಸಿಗರಿದ್ದಾರೆ. ನಿಮ್ಮ ಅಮೆರಿಕದ ಸಂಬಂಧಿಕರಿಗೆ ಇದನ್ನೂ ಹೇಳಿಬಿಡಿ.

ಇನ್ನೊಂದು. ವಾಕಿಟಾಕಿಯ ಸ್ಪೀಕರಿನಲ್ಲಿ ಆಯಸ್ಕಾಂತ ಉಂಟು. ಅದೇ ಎದೆಪಟ್ಟಿಯಲ್ಲಿ ಪಕ್ಕದಲ್ಲೇ ಜಿಪಿಎಸ್ ಅಥವಾ ಫೋನ್ ಸಿಕ್ಕಿಸಿದರೆ ದಿಕ್ಸೂಚಿ ತಪ್ಪು ತೋರಿಸುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ ಇಟ್ಟರೂ ಸಾಲದು. ದಿಕ್ಕು ನೋಡುವಾಗ ಜಿಪಿಎಸ್ಸನ್ನು ಕೈಯಲ್ಲಿ ಮುಂದಕ್ಕೆ ಚಾಚಿ ನೋಡಿ.

ಪಡುಗಾಳಿ

ಕಯಾಕಿನ ಬಗ್ಗೆ ನಾನು ಹೇಳುತ್ತೇನೆ, ಅಲ್ಲಿ ಲೆಕ್ಕ ಬೇರೆ. ಕೂತವರ ಸೆಟ್ಟು ನೀರಿನಿಂದ ಅರ್ಧ ಮೀಟರ್ ಮೇಲೆ ಇರುತ್ತದೆ. ನೇರ ಬರುವ ಅಲೆಗೂ ನೀರಿಗೆ ಬಡಿದು ಬರುವ ಅಲೆಗೂ ತಿಕ್ಕಾಟ ಆಗಿ ಸಿಗ್ನಲ್ ಕುಂದುತ್ತದೆ. ಇಂಥಲ್ಲಿ ಸಿಗುವ ಶಕ್ತಿ ಎತ್ತರದ ವರ್ಗದ ಹಾಗೆ ಏರುತ್ತದೆ, ಅಂದರೆ ತೊಡೆ ಮೇಲಿನ ಅರ್ಧ ಮೀಟರಿನಿಂದ ಎರಡು ಮೀಟರಿಗೆ ಏರಿಸಿದರೆ ನಾಲ್ಕು ಪಟ್ಟಿನ ವರ್ಗ, ಹದಿನಾರು ಪಟ್ಟು. ಅರ್ಧ ವಾಟಿನ ಸೆಟ್ಟು 8 ವಾಟಿನ ಹಾಗೆ ಕೆಲಸ ಮಾಡಿತು ಎಂದಾಯಿತು. ಕಯಾಕಿನಲ್ಲಿ ಎದ್ದು ನಿಲ್ಲಲು ಆಗದು, ಹಾಗಾಗಿ ದಡದಲ್ಲಿ ಇರುವವರು ಎತ್ತರದ ಜಾಗ ಹಿಡಿಯಲಿ. ಒಂದು ಕಡೆ ಏರಿಸಿದರೆ ಹೋಗುವ ಮಾತಿಗೂ ಬರುವ ಮಾತಿಗೂ ಲಾಭ. ಕಾಂಡ್ಲಾ ಸಂದಿಯ ಒಳಗೆ ಮಾತ್ರ ಈ ಲೆಕ್ಕ ನಡೆಯದು, ಅಲ್ಲಿ ತಿರುವಿಗೊಬ್ಬರು ಇರಬೇಕು.

ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ, ಅದೂ ಸಿಹಿನೀರಿನ ಪರೀಕ್ಷೆ. ಅಳಿವೆಯ ಉಪ್ಪುನೀರು ಚಾರ್ಜಿಂಗ್ ತಗಡುಗಳನ್ನು ಹಸಿರು ಹಿಡಿಸಿ ತಿಂದುಬಿಡುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚಾರ್ಜರಿನಲ್ಲಿ ಇಡಿ. ಒದ್ದೆ ಇರುವಾಗಲೇ ಕರೆಂಟು ಹರಿದರೆ ತುಕ್ಕು ಇಮ್ಮಡಿ ವೇಗದಲ್ಲಿ ಹಿಡಿಯುತ್ತದೆ. ಇಯರ್‌ಫೋನ್ ಕಿಂಡಿಯ ರಬ್ಬರ್ ಮುಚ್ಚಳ ಸರಿಯಾಗಿ ಕೂರದಿದ್ದರೆ ಐಪಿ67ಕ್ಕೆ ಬೆಲೆಯೇ ಇಲ್ಲ. ನೀರಿನಲ್ಲಿ ತೇಲುವ ಸೆಟ್ಟು ಬಹಳ ಕಡಿಮೆ, ಹಗ್ಗ ಕಟ್ಟಿ ಲೈಫ್ ಜಾಕೆಟ್ಟಿಗೆ ಬಿಗಿಯಿರಿ.

ಬಹಳ ಜನ ತಪ್ಪು ತಿಳಿಯುವುದು ಇಲ್ಲಿ: ಮಲ್ಪೆ ಬೋಟಿನವರ ಸೆಟ್ಟು ಮರೈನ್ ವಿಎಚ್‌ಎಫ್, 156 ಮೆಗಾಹರ್ಟ್ಸಿನ ಮೇಲೆ. ಆಪತ್ತಿನ ಚಾನೆಲ್ 16, ಅಂದರೆ 156.8. ನಿಮ್ಮ 446ರ ಕೂಗು ಪಕ್ಕದಲ್ಲೇ ಹೋಗುವ ಬೋಟಿಗೂ ಕೇಳುವುದಿಲ್ಲ. ಆದ್ದರಿಂದ ನೀರುಗಾಪಿನ ಚೀಲದಲ್ಲಿ ಫೋನು, ಕೊರಳಲ್ಲಿ ಸೀಟಿ ಇರಲೇಬೇಕು. ಕರಾವಳಿ ಕಾವಲು ಪಡೆ 1554, ಕರಾವಳಿ ಕಾವಲು ಪೊಲೀಸ್ 1093, ಸಾಮಾನ್ಯ ತುರ್ತಿಗೆ 112.

ಅಳಿವೆಬಾಗಿಲು

ಬಹಳ ಉಪಕಾರ ಆಯಿತು. ರೈನೊ ಬೇಡ ಅಂತ ಹೇಳಿ ಆಯ್ತು. ಇನ್ನೆರಡು ಸಂಶಯ. ನಮ್ಮಲ್ಲಿ ಇಬ್ಬರ ಹತ್ತಿರ ಈಗಾಗಲೇ ಬೇರೆ ಬೇರೆ ಕಂಪನಿಯ 446 ಸೆಟ್ಟು ಉಂಟು, ಎರಡನ್ನೂ ಚಾನೆಲ್ 3ಕ್ಕೆ ಹಾಕಿದರೂ ಒಂದರ ಮಾತು ಇನ್ನೊಂದಕ್ಕೆ ಇಲ್ಲ, ದೀಪ ಮಾತ್ರ ಹೊತ್ತುತ್ತದೆ. ಮತ್ತೆ, ಜಿಪಿಎಸ್ ನೋಡಿ ಜಾಗವನ್ನು ವಾಕಿಟಾಕಿಯಲ್ಲಿ ಹೇಳುವುದು ಹೇಗೆ?

ಅರ್ಧವಾಟ್

ದೀಪ ಹೊತ್ತುತ್ತದೆ ಎಂದರೆ ಸಿಗ್ನಲ್ ಬರುತ್ತಿದೆ, ಟೋನ್ ತಡೆಯುತ್ತಿದೆ. ಪ್ರೈವಸಿ ಕೋಡ್ ಎಂದು ಬರೆದಿರುವುದು ಮಾತಿನ ಜೊತೆ ಹೋಗುವ ಕೇಳಿಸದ ಸಣ್ಣ ಸ್ವರ, ಅಷ್ಟೆ. ಆ ಸ್ವರ ಹೊಂದಿದರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಹೆಸರು ಪ್ರೈವಸಿ ಇದ್ದರೂ ಟೋನ್ ಇಡದ ಯಾರಿಗೂ ನಿಮ್ಮ ಮಾತು ಪೂರ್ತಿ ಕೇಳುತ್ತದೆ. ಎರಡೂ ಸೆಟ್ಟಿನಲ್ಲಿ ಟೋನನ್ನು ಸೊನ್ನೆ ಅಥವಾ ಆಫ್ ಮಾಡಿ ನೋಡಿ. ಕೇಳಿದರೆ ಸಮಸ್ಯೆ ಅದೇ. ಟೋನ್ ಬೇಕೇಬೇಕಾದರೆ ನಂಬರ್ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಪಟ್ಟಿ ಬೇರೆ. ಕೈಪಿಡಿಯಲ್ಲಿ ಹರ್ಟ್ಸ್ ನೋಡಿ, 67.0ಕ್ಕೆ 67.0 ಹೊಂದಿಸಿ. ಚಾನೆಲನ್ನೂ ಹಾಗೆಯೇ: ಮೊದಲನೆಯದು 446.00625, ಆಮೇಲೆ 12.5 ಕಿಲೋಹರ್ಟ್ಸಿಗೊಂದು, ಹಾಗಾಗಿ 3ನೆಯದು 446.03125. ಒಂದು ಸೆಟ್ಟು ಡಿಜಿಟಲ್ ಆಗಿದ್ದರೆ ಮಾತ್ರ ಏನು ಮಾಡಿದರೂ ಅನಲಾಗ್ ಸೆಟ್ಟಿಗೆ ಹೊಂದದು. ವಾಕ್ಸ್, ಅಂದರೆ ಗುಂಡಿ ಒತ್ತದೆ ಸದ್ದಿಗೇ ಮಾತು ಕಳಿಸುವ ಸೌಲಭ್ಯ, ಆಫ್ ಇಡಿ, ಗಾಳಿಯ ಸದ್ದಿಗೇ ಸೆಟ್ಟು ಮಾತಾಡಲು ಶುರುಮಾಡಿ ಚಾನೆಲ್ ಕಟ್ಟಿಹಾಕುತ್ತದೆ.

ಏಣುದಾರಿ

ಜಾಗ ಹೇಳುವುದಕ್ಕೆ ಮೊದಲು ಎಂಟೂ ಜನರ ಉಪಕರಣದಲ್ಲಿ ಒಂದೇ ನಮೂನೆ ಇಡಿ: ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಅಳೆಯುವ ಆಧಾರ), ದಶಮಾಂಶ ಡಿಗ್ರಿ, ನಾಲ್ಕು ಸ್ಥಾನ. ನಾಲ್ಕನೆಯ ಸ್ಥಾನದ ಒಂದು ಅಂಕಿ 11 ಮೀಟರ್, ಅಷ್ಟು ಸಾಕು. ನಮೂನೆ ತಪ್ಪಿದರೆ ಏನಾಗುತ್ತದೆ ನೋಡಿ. ಉಡುಪಿ ಪೇಟೆ 13.3409 ಡಿಗ್ರಿ ಉತ್ತರ, ಇದು 13 ಡಿಗ್ರಿ 20.454 ನಿಮಿಷ. ಯಾರಾದರೂ ಅದನ್ನು 13 ಡಿಗ್ರಿ 34.09 ನಿಮಿಷ ಎಂದು ಒತ್ತಿದರೆ ಬಾಣ 25 ಕಿ.ಮೀ. ಉತ್ತರಕ್ಕೆ ತೋರಿಸುತ್ತದೆ. ಹಳೆಯ ಸರ್ವೆ ನಕ್ಷೆ ಇಟ್ಟುಕೊಂಡವರಿಗೂ ಎಚ್ಚರ, ಅವು ಎವರೆಸ್ಟ್ ಡೇಟಮ್‌ನವು, ಜಿಪಿಎಸ್ ಅಂಕಿ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ.

ಹೇಳುವಾಗ ಪೂರ್ಣಾಂಕ ಬಿಡಬಹುದು. ಕೋಡಿಬೆಂಗ್ರೆಯಲ್ಲಿ 13 ಮತ್ತು 74, ಕುಮಾರ ಪರ್ವತದಲ್ಲಿ 12 ಮತ್ತು 75, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಉಳಿದದ್ದು ನಾಲ್ಕು ಅಂಕಿ ಅಕ್ಷಾಂಶ, ನಾಲ್ಕು ಅಂಕಿ ರೇಖಾಂಶ. ಒಂದೊಂದೇ ಅಂಕಿ ಬಿಡಿಬಿಡಿಯಾಗಿ ಹೇಳಿ, "ಮೂವತ್ತನಾಲ್ಕು" ಎನ್ನಬೇಡಿ. ಗರಗರ ಸದ್ದಿನಲ್ಲಿ ಕನ್ನಡದ ಮೂರು ಮತ್ತು ಆರು ಒಂದೇ ತರ ಕೇಳುತ್ತದೆ. ತುಳುವಿನಲ್ಲೂ ಅದೇ ಕಷ್ಟ, ಮೂಜಿ ಮತ್ತು ಆಜಿ. ಇಂಗ್ಲಿಷಿಗೆ ಹೋದರೆ ಫೈವ್ ಮತ್ತು ನೈನ್ ಕಲಸುತ್ತದೆ. ಯಾವುದಾದರೂ ಒಂದೇ ಭಾಷೆ ಇಟ್ಟುಕೊಳ್ಳಿ, ಕೇಳಿದವರು ಎಂಟೂ ಅಂಕಿಯನ್ನು ಬರೆದುಕೊಂಡು ತಿರುಗಿ ಓದಲಿ, ಹೇಳಿದವರು "ಸರಿ" ಅನ್ನುವವರೆಗೆ ಅದು ಮುಟ್ಟಿತು ಎಂದು ಲೆಕ್ಕ ಇಲ್ಲ. ಮನೆಯಂಗಳದಿಂದ ಬೀದಿ ತುದಿಗೆ ನಿಂತು ಇದನ್ನು ಹತ್ತು ಸಲ ಮಾಡಿ ನೋಡಿ, ಆಮೇಲೆ ಘಟ್ಟಕ್ಕೆ ಹೊರಡಿ.