ಟರ್ಬೊ ಕಾರಿಗೆ ನಾರ್ಮಲ್ಲಾ, ಪವರ್ರಾ?

ರಿಂಗ್‌ರೋಡ್_ರಾತ್ರಿ (ಮೈಸೂರು)

ಮೂರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಂಡೆ. 2017ರ ಮಾಡೆಲ್, ಎರಡು ಲೀಟರ್ ಟರ್ಬೊ, ಆಟೋಮ್ಯಾಟಿಕ್. ಮನೆಯಲ್ಲಿ ಬೈಗುಳ ಇನ್ನೂ ನಿಂತಿಲ್ಲ, ಅದು ಬೇರೆ ಮಾತು. ದಿನಾ ಕುವೆಂಪುನಗರದಿಂದ ಇಲ್ಲೇ ಮೈಸೂರಿನ ಹೆಬ್ಬಾಳಕ್ಕೆ ಆಫೀಸು, ತಿಂಗಳಿಗೆ ಎರಡು ಸಲ ಬೆಂಗಳೂರು, ಅಷ್ಟೇ ಓಡಾಟ.

ಬಂಕಿಗೆ ಹೋದಾಗಲೆಲ್ಲ ಹುಡುಗ "ಸಾರ್, ನಾರ್ಮಲ್ಲಾ ಪವರ್ರಾ" ಅಂತ ಕೇಳುತ್ತಾನೆ, ಅಂದರೆ ಮಾಮೂಲಿ ಪೆಟ್ರೋಲಾ, ಜಾಸ್ತಿ ರೇಟಿನ ಪ್ರೀಮಿಯಮ್ಮಾ ಅಂತ. ಜೇಬು ನೋಡಿಕೊಂಡು ಒಂದು ಸಲ ಅದು, ಒಂದು ಸಲ ಇದು ಅನ್ನುತ್ತೇನೆ. ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕರ್ ಮೇಲೆ ಪೆಟ್ರೋಲಿನ ಆಕ್ಟೇನ್ ನಂಬರ್ 95 ಅಂತ ಇದೆ. ಹೋದ ಭಾನುವಾರ ನಾರ್ಮಲ್ ಹಾಕಿಸಿಕೊಂಡು ನಾಲ್ಕು ಜನ ಕೂತು, ಏಸಿ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದೆವು, ಕಿಟಕಿ ಇಳಿಸಿದರೆ ತಗಡಿನ ಡಬ್ಬಿಯಲ್ಲಿ ಹುರುಳಿಕಾಳು ಅಲ್ಲಾಡಿಸಿದ ಹಾಗೆ ಸದ್ದು. ಪೆಟ್ರೋಲಿನಿಂದಲೇ ಹೀಗಾ? ಯೂಟ್ಯೂಬಿನಲ್ಲಿ ಒಬ್ಬ ಅಮೆರಿಕದವನು 87 ಹಾಕಿದರೂ ನಡೆಯುತ್ತೆ ಅನ್ನುತ್ತಾನೆ. ನಮ್ಮ ನಾರ್ಮಲ್ಲೇ 91 ಅಲ್ವಾ? ಗೆಳೆಯ ಬೇರೆ "100 ಆಕ್ಟೇನ್ ಹಾಕ್ಸು ಗುರು, ಹಾರುತ್ತೆ" ಅಂತ ಬೆನ್ನು ಬಿದ್ದಿದ್ದಾನೆ.

ಸ್ಪ್ಯಾನರ್_13

ಆ ವಿಡಿಯೊ ಮರೆತುಬಿಡಿ ಸಾರ್. ಅಮೆರಿಕದವರು ಆಕ್ಟೇನ್ ಅಳೆಯುವ ಲೆಕ್ಕವೇ ಬೇರೆ. ಅವರ 87 ಅಂದರೆ ನಮ್ಮ ಲೆಕ್ಕದಲ್ಲಿ 91-92, ಅವರ 91 ನಮ್ಮ 95-96ರ ಹತ್ತಿರ.

100 ಹಾಕಿದರೆ ಹಾರುತ್ತೆ ಅನ್ನುವುದು ಸುಮ್ನೆ. ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲು ಒತ್ತಡಕ್ಕೆ, ಬಿಸಿಗೆ ಜಗ್ಗದೆ ನಿಲ್ಲುತ್ತದೆ, ಅಷ್ಟೇ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಹರಡಿಕೊಂಡು ಬರುವ ಮೊದಲೇ ಮೂಲೆಯಲ್ಲಿರುವ ಪೆಟ್ರೋಲು ತಾನಾಗಿ ಹೊತ್ತಿಕೊಂಡರೆ ಅದೇ ನಾಕಿಂಗ್, ಅದೇ ನಿಮ್ಮ ಹುರುಳಿಕಾಳು. ಟರ್ಬೊ ಗಾಳಿ ತುರುಕುವುದರಿಂದ ಒಳಗೆ ಒತ್ತಡ ಜಾಸ್ತಿ, ಅದಕ್ಕೇ 95 ಕೇಳುತ್ತದೆ. ಕಡಿಮೆ ಹಾಕಿದರೆ ಇಂಜಿನ್ ತಕ್ಷಣ ಸಾಯುವುದಿಲ್ಲ. ನಾಕ್ ಸೆನ್ಸರ್ ಸದ್ದು ಹಿಡಿದು ಕಿಡಿಯನ್ನು ಸ್ವಲ್ಪ ತಡ ಮಾಡಿಸುತ್ತದೆ, ಪಿಕಪ್ ಒಂಚೂರು ಇಳಿಯುತ್ತದೆ.

ಸೆನ್ಸರ್ ಇದ್ದೂ ಕಿವಿಗೆ ಕೇಳುವಷ್ಟು ಸದ್ದು ಬಂತು ಅಂದರೆ ಪೆಟ್ರೋಲನ್ನೇ ಬೈಯಬೇಡಿ. ಬೆಟ್ಟವನ್ನು ಮಾಮೂಲಿ ಡ್ರೈವ್ ಮೋಡ್ 'ಡಿ'ಯಲ್ಲೇ ಹತ್ತಿದಿರಾ? ಮೈಲೇಜಿನ ಆಸೆಗೆ ಗೇರ್‌ಬಾಕ್ಸ್ ಬೇಗ ಮೇಲಿನ ಗೇರಿಗೆ ಹೋಗಿಬಿಡುತ್ತದೆ, ಇಂಜಿನ್ 1500 ಆರ್‌ಪಿಎಂನಲ್ಲಿ ನಾಲ್ಕು ಜನರನ್ನು ಹೊತ್ತು ಏದುಸಿರು ಬಿಡುತ್ತಿರುತ್ತದೆ. ಅದೇ ಪೆಟ್ರೋಲಿನಲ್ಲಿ ಇನ್ನೊಂದು ಸಲ 'ಎಸ್'ಗೆ (ಸ್ಪೋರ್ಟ್ ಮೋಡ್, ಕೆಳಗಿನ ಗೇರಿನಲ್ಲೇ ಹೆಚ್ಚು ಹೊತ್ತು ಇರುತ್ತದೆ) ಹಾಕಿ ಹತ್ತಿ ನೋಡಿ. ಆಗಲೂ ಬಂದರೆ ಪ್ಲಗ್ ಬಿಚ್ಚಿಸಿ. ಹಳೇ ಓನರ್ ಯಾವ ಕಾಲದಲ್ಲಿ ಹಾಕಿಸಿದ್ದನೋ.

ನನ್ನ ಕೇಳಿದರೆ 95ನ್ನೇ ಹಾಕಿಸಿ. ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ ಅಂದುಕೊಂಡರೂ 50 ಲೀಟರ್ ಟ್ಯಾಂಕಿಗೆ ಹೆಚ್ಚೆಂದರೆ 400.

ಕಬ್ಬಿನಗದ್ದೆ (ಮಂಡ್ಯ)

400 ಯಾಕೆ ದಂಡ? ನಾರ್ಮಲ್ 91 ಅನ್ನುವುದು ಹಳೇ ಲೆಕ್ಕ ಕಣ್ರೀ. ಈಗ ಅದರಲ್ಲಿ ಶೇ 20ರಷ್ಟು ಎಥನಾಲ್ ಇದೆ, ಕಬ್ಬಿನ ಹಾಲು, ಕಾಕಂಬಿ, ಮುಸುಕಿನ ಜೋಳ ಇವುಗಳಿಂದ ತೆಗೆದದ್ದು. ಎಥನಾಲಿನ ಆಕ್ಟೇನ್ ಜಾಸ್ತಿ, ಹಾಗಾಗಿ ನಾರ್ಮಲ್ಲೇ ಈಗ 95 ಅಂತ 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಹೇಳಿದೆ. ಸ್ಟಿಕರ್ ಕೇಳಿದ್ದು ಸಿಕ್ಕಿತಲ್ಲ.

ನಿಮ್ಮ ಕಾರಿಗೆ ತಲೆನೋವು ಬೇರೆ ಕಡೆ ಇದೆ. ಶೇ 20ಕ್ಕೆ ತಕ್ಕ ಪೈಪು, ರಬ್ಬರ್ ಹಾಕಿ ಕಾರು ಮಾಡಲು ಶುರುವಾಗಿದ್ದು 2023ರ ಏಪ್ರಿಲ್‌ನಿಂದ, ನಿಮ್ಮದು 2017. ಸರ್ವಿಸಿಗೆ ಬಿಟ್ಟಾಗ ಪೆಟ್ರೋಲ್ ಪೈಪು, ಸೀಲು ಒಂದು ಸಲ ನೋಡಿಸಿ. ಎಥನಾಲ್ ನೀರು ಹೀರುತ್ತದೆ, ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಮೈಲೇಜೂ ಸ್ವಲ್ಪ ಇಳಿಯುತ್ತದೆ, ಪೆಟ್ರೋಲಿಗೆ ಹೋಲಿಸಿದರೆ ಎಥನಾಲಿನಲ್ಲಿ ಶಕ್ತಿ ಮೂರನೇ ಒಂದು ಭಾಗ ಕಡಿಮೆ. ಕಬ್ಬು ಬೆಳೆಯುವವನಾಗಿ ನಾನೇ ಇದನ್ನು ಹೇಳಬೇಕಾಯ್ತು ನೋಡಿ!

ರಿಂಗ್‌ರೋಡ್_ರಾತ್ರಿ

ಹಾಗಾದರೆ ಎಥನಾಲ್ ತಪ್ಪಿಸಲು ಪವರ್ ಹಾಕಿಸಿದರೆ ಆಯ್ತಲ್ಲ ಅಣ್ಣ?

ಲಿಂಗಾಂಬುಧಿ_ವಾಕರ್

ಆಗಲ್ಲ. 95ರ ಪ್ರೀಮಿಯಂನಲ್ಲೂ ಎಥನಾಲ್ ಇರುತ್ತದೆ. ಇಲ್ಲದಿರುವುದು ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲು ಎಕ್ಸ್‌ಪಿ100ರಂಥದ್ದರಲ್ಲಿ, ಅದರ ರೇಟು ನಾರ್ಮಲ್‌ನ ಒಂದೂವರೆ ಪಟ್ಟು. ನಾನೂ ಶೋಕಿಗೆ ಮೂರು ಟ್ಯಾಂಕ್ ಹಾಕಿಸಿ ಬೆಂಗಳೂರಿಗೆ ಹೋದೆ. ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿ 100, ಮೇಲೆ ಕ್ಯಾಮೆರಾ, ಮುಂದೆ ಬಲಗಡೆ ಲೇನ್ ಬಿಡದ ಲಾರಿ. ಹಾರುವುದು ಎಲ್ಲಿಂದ ಬಂತು!

ಇನ್ನೊಂದು, ಪ್ರೀಮಿಯಂ ಅಂತ ಬರೆದದ್ದೆಲ್ಲ ಜಾಸ್ತಿ ಆಕ್ಟೇನ್ ಅಲ್ಲ. ಕೆಲವದರಲ್ಲಿ ಇಂಜಿನ್ ಕ್ಲೀನ್ ಮಾಡುವ ರಾಸಾಯನಿಕ ಮಾತ್ರ ಸೇರಿಸಿರುತ್ತಾರೆ. ಪಂಪಿನ ಮೇಲೆ 95 ಅಂತ ನಂಬರ್ ಇದ್ದರೆ ಮಾತ್ರ ದುಡ್ಡು ಕೊಡಿ. ಪ್ರೀಮಿಯಂ ನಳಿಕೆ ಮೇಲೆ ಧೂಳು ಕೂತಿರುವ ಬಂಕಿನಲ್ಲಂತೂ ಬೇಡವೇ ಬೇಡ, ಅಲ್ಲಿ ಸ್ಟಾಕ್ ಎಷ್ಟು ದಿನದಿಂದ ನಿಂತಿದೆಯೋ.

ರಿಂಗ್‌ರೋಡ್_ರಾತ್ರಿ

ಬೆಳಿಗ್ಗೆ ಆರಕ್ಕೇ ಹೋಗಿ 'ಎಸ್'ನಲ್ಲಿ ಹತ್ತಿ ಬಂದೆ, ಅದೇ ನಾರ್ಮಲ್. ಸದ್ದು ಮುಕ್ಕಾಲು ಪಾಲು ಹೋಗಿದೆ. ನಂದಿ ಕಡೆ ತಿರುಗುವಲ್ಲಿ ಮಾತ್ರ ಒಂದು ಸಲ ಟರ್ ಅಂತು. ಶನಿವಾರ ಪ್ಲಗ್ ಬಿಚ್ಚಿಸುತ್ತೇನೆ, ಫೋಟೊ ಹಾಕುತ್ತೇನೆ. ಅಲ್ಲಿವರೆಗೆ 95ರ ಪ್ರೀಮಿಯಮ್ಮೇ, ಮಂಡ್ಯದ ಅಣ್ಣ ಬೈಕೊಂಡರೂ ಸರಿ.