ಸಹಾಯ ಬೇಕು: ‘ಬ್ಯಾಟಲ್ ರಾಯಲ್’ ಕಥೆಯ ತಾತನನ್ನು ಹೇಗೆ ಓದೋದು?

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಎಂ.ಎ. ಸೆಮಿನಾರ್‌ನಲ್ಲಿ ಅಮೆರಿಕದ ಕಪ್ಪು ಲೇಖಕ ರಾಲ್ಫ್ ಎಲಿಸನ್ ಅವರ ಈ ಕಥೆಯ ಬಗ್ಗೆ ಮಾತಾಡಬೇಕು. 1947ರಲ್ಲಿ ಬಿಡಿ ಕಥೆಯಾಗಿ ಬಂದದ್ದು, 1952ರಲ್ಲಿ ‘ಇನ್ವಿಸಿಬಲ್ ಮ್ಯಾನ್’ ಕಾದಂಬರಿಯ ಮೊದಲ ಅಧ್ಯಾಯವಾಯಿತು.

ನಾನು ಸಿಕ್ಕಿಹಾಕಿಕೊಂಡಿರುವುದು ತಾತನ ಹತ್ತಿರ. ಜೀವನವಿಡೀ ತಗ್ಗಿಬಗ್ಗಿ ನಡೆದವನು, ಸಾಯುವಾಗ ಮಾತ್ರ ಬಿಳಿಯರಿಗೆ ಹೂಂ ಹೂಂ ಅನ್ನುತ್ತಲೇ ಅವರನ್ನು ಮುಳುಗಿಸಿ ಅಂತಾನೆ. ಇದು ಬಂಡಾಯವಾ, ಸುಮ್ನೆ ಬದುಕಿಕೊಳ್ಳುವ ಉಪಾಯವಾ?

ಕಥೆ ಹೇಳುವ ಮೊಮ್ಮಗನೋ, ಭಾಷಣ ಮಾಡಲು ಹೋದವನು, ಊರಿನ ಬಿಳಿಯ ದೊಡ್ಡವರ ಮೋಜಿಗಾಗಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ತನ್ನಂಥ ಕಪ್ಪು ಹುಡುಗರ ಜೊತೆಯೇ ಹೊಡೆದಾಡುತ್ತಾನೆ. ಕರೆಂಟು ಹರಿಯುವ ಕಾರ್ಪೆಟ್ ಮೇಲೆ ನಾಣ್ಯ ಹೆಕ್ಕುತ್ತಾನೆ. ಬಾಯಲ್ಲಿ ತುಂಬಿದ ರಕ್ತ ನುಂಗುತ್ತಾ ಭಾಷಣವನ್ನೂ ಮುಗಿಸುತ್ತಾನೆ. ಕೊನೆಗೆ ಚರ್ಮದ ಬ್ಯಾಗು, ಸ್ಕಾಲರ್‌ಶಿಪ್ ಸಿಕ್ಕಾಗ ಖುಷಿಯೋ ಖುಷಿ. ಹೆಕ್ಕಿದ ಚಿನ್ನದ ನಾಣ್ಯ ಬರೀ ಹಿತ್ತಾಳೆ ಅಂತ ಗೊತ್ತಾದರೂ ಬೇಜಾರಿಲ್ಲ! ನನಗೆ ಜಾಸ್ತಿ ಕಾಡಿದ್ದು ಅದೇ.

‘ನಾಯಕ ತನ್ನನ್ನು ಕಂಡುಕೊಳ್ಳುತ್ತಾನೆ’ ಅಂತ ನನ್ನ ಗೈಡಿನಲ್ಲಿದೆ. ಈ ಕಥೆಯೊಳಗೆ ಎಲ್ಲಿ? ತಾತ ಬರುವ ಕೊನೆಯ ಕನಸು ಬಿಟ್ಟರೆ ನನಗೇನೂ ಕಾಣುತ್ತಿಲ್ಲ.

ಪಾಠ ಮಾಡಿದವರು ಯಾರಾದರೂ ಇದ್ದೀರಾ? ಇನ್ನೊಂದು, ಮೊಮ್ಮಗ ಮಾದರಿಯಾಗಿ ಹಿಡಿದಿದ್ದು ಕಪ್ಪು ಜನರ ನಾಯಕ, ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಅವರ ವಿಚಾರಗಳನ್ನು. ಅವರ 1895ರ ಅಟ್ಲಾಂಟಾ ಭಾಷಣದ ಬಗ್ಗೆ ಕನ್ನಡದಲ್ಲಿ ಲೇಖನವಿದ್ದರೆ ದಯವಿಟ್ಟು ಹೇಳಿ.