ಜೂನಿಯರ್‌ಗಳಿಗೆ ಮ್ಯಾಥ್ಸ್, ಫಿಸಿಕ್ಸ್ ಹೇಳಿಕೊಡೋದು ಹೇಗೆ?

ಬಿಎಸ್ಸಿ ಮೂರನೇ ವರ್ಷ, ಮಂಡ್ಯ:
ನಮ್ಮ ಕಾಲೇಜಿಗೆ ಮಳವಳ್ಳಿ, ಪಾಂಡವಪುರ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರೇ ಜಾಸ್ತಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಡಿಫರೆನ್ಷಿಯೇಷನ್ ಸೂತ್ರಗಳೆಲ್ಲ ಬಾಯಿಪಾಠ ಇರುತ್ತವೆ, ಆದರೆ ಡಿಫರೆನ್ಷಿಯೇಷನ್ ಅಂದರೆ ಏನು ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ. ಕ್ಲಾಸಿನಲ್ಲಿ ಡೌಟ್ ಕೇಳುವುದಕ್ಕೂ ಹೆದರಿಕೆ. ನಾವು ಮೂವರು ಗೆಳತಿಯರು ಸೇರಿ ವಾರಕ್ಕೊಮ್ಮೆ ಫಸ್ಟ್ ಇಯರ್‌ನವರಿಗೆ ಹೇಳಿಕೊಡಬೇಕು ಅಂತಿದ್ದೇವೆ. ಬೋರ್ಡ್ ಮೇಲೆ ಲೆಕ್ಕ ಮಾಡಿ ತೋರಿಸಿದರೆ ಸಾಕಾ?

ಫಿಸಿಕ್ಸ್ ಮೇಷ್ಟ್ರು, ಮೈಸೂರು:
ತುಂಬಾ ಒಳ್ಳೆ ಕೆಲಸ ಕಣಮ್ಮ. ಆದರೆ ಬೋರ್ಡ್ ಮೇಲೆ ನೀವು ಮಾಡಬೇಡಿ, ಚಾಕ್‌ಪೀಸ್ ಅವರ ಕೈಗೆ ಕೊಡಿ. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಅನ್ನುವ ಫಿಸಿಕ್ಸ್ ಪ್ರೊಫೆಸರ್ 1991ರಿಂದ ತಮ್ಮ ಕ್ಲಾಸಿನಲ್ಲಿ ಒಂದು ಪದ್ಧತಿ ಶುರು ಮಾಡಿದರು. ಪ್ರಶ್ನೆ ಕೊಡುವುದು, ಪ್ರತಿಯೊಬ್ಬರೂ ಮೊದಲು ತಾವೇ ಉತ್ತರ ಆರಿಸುವುದು, ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಇನ್ನೊಮ್ಮೆ ಉತ್ತರ ಕೊಡುವುದು. ನೀವೂ ಮಾಡಿ ನೋಡಿ. ಮೇಜಿನ ಮೇಲೆ ಪುಸ್ತಕ ಇದೆ, ಭೂಮಿ ಅದನ್ನು ಕೆಳಗೆ ಎಳೆಯುತ್ತಿದೆ, ಈ ಬಲಕ್ಕೆ ನ್ಯೂಟನ್ ಮೂರನೇ ನಿಯಮದಲ್ಲಿ ಹೇಳಿದ, ಅಷ್ಟೇ ಪ್ರಮಾಣದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಯಾವುದು? ಮುಕ್ಕಾಲು ಜನ ಮೇಜು ಮೇಲಕ್ಕೆ ತಳ್ಳುವ ಬಲ ಅಂತಾರೆ. ತಪ್ಪು ಅಂತ ತಕ್ಷಣ ಹೇಳಬೇಡಿ. ಅದೇ ಮೇಜನ್ನು ಲಿಫ್ಟಿನಲ್ಲಿಟ್ಟರೆ, ಲಿಫ್ಟ್ ಮೇಲಕ್ಕೆ ಹೊರಡುವ ಕ್ಷಣದಲ್ಲಿ ಮೇಜು ತಳ್ಳುವುದು ಜಾಸ್ತಿ ಆಗುತ್ತದೆ, ಭೂಮಿ ಎಳೆಯುವುದು ಅಷ್ಟೇ ಇರುತ್ತದೆ, ಹಾಗಾದರೆ ಇವೆರಡೂ ಜೋಡಿ ಹೇಗಾಗುತ್ತವೆ ಅಂತ ಕೇಳಿ. ಪುಸ್ತಕವೂ ಭೂಮಿಯನ್ನು ಎಳೆಯುತ್ತಿದೆ ಅಂತ ಗುಂಪಿನಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ಅಲ್ಲಿವರೆಗೆ ಕಾಯಬೇಕು, ಕಷ್ಟ ಇರೋದೇ ಅಲ್ಲಿ.

ಎಮ್ಮೆಸ್ಸಿ ಮ್ಯಾಥ್ಸ್, ಮಾನಸಗಂಗೋತ್ರಿ:
ಮೇಷ್ಟ್ರು ಹೇಳಿದ್ದು ನಿಜ. ಗುಂಪು ಚಿಕ್ಕದಿರಲಿ ತಂಗಿ, ಆರರಿಂದ ಎಂಟು ಜನ. ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ 1990ರ ದಶಕದಲ್ಲಿ ಕೆಮಿಸ್ಟ್ರಿಗೆ ಹೀಗೇ ಗುಂಪು ಶುರುವಾಯಿತು. ಆ ಕೋರ್ಸನ್ನು ಚೆನ್ನಾಗಿ ಮುಗಿಸಿದ ಸೀನಿಯರ್ ಒಬ್ಬರು ನಡೆಸುತ್ತಾರೆ, ಉತ್ತರದ ಹಾಳೆ ಕೊಡುವುದಿಲ್ಲ, ಮಾರ್ಕ್ಸ್ ಹಾಕುವುದೂ ಇಲ್ಲ. ಮಾರ್ಕ್ಸ್ ಹಾಕುವವರ ಮುಂದೆ ಯಾರು ಬಾಯಿ ಬಿಡ್ತಾರೆ ಹೇಳಿ? ಡಿಫರೆನ್ಷಿಯೇಷನ್ ಮಾಡಿದಾಗ ಸಿಗುವ ಡೆರಿವೇಟಿವ್ ಅಂದರೆ ಆ ಕ್ಷಣಕ್ಕೆ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು. ಅದಕ್ಕೆ ಸೂತ್ರದಿಂದ ಹೊರಡಬೇಡಿ, ಅವರ ಬಸ್ಸಿನಿಂದ ಹೊರಡಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಒಂದು ಗಂಟೆ ಹಿಡಿಯಿತು ಅಂದುಕೊಳ್ಳಿ, ಶ್ರೀರಂಗಪಟ್ಟಣ ದಾಟುವ ಆ ಕ್ಷಣಕ್ಕೆ ಸ್ಪೀಡೋಮೀಟರ್ 45 ತೋರಿಸಲೇಬೇಕಾ? ಕನ್ನಡದಲ್ಲೇ ಜಗಳ ಆಡಲಿ, ಇಂಗ್ಲಿಷಿನಲ್ಲಿ ಬರೆಯೋದು ಆಮೇಲೆ.

ಬಿಎಸ್ಸಿ ಮೂರನೇ ವರ್ಷ, ಮಂಡ್ಯ:
ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಅಕ್ಕ. ನಮಗೇ ಉತ್ತರ ಗೊತ್ತಿಲ್ಲದಿದ್ದರೆ?

ಫಿಸಿಕ್ಸ್ ಮೇಷ್ಟ್ರು, ಮೈಸೂರು:
ಗೊತ್ತಿಲ್ಲ ಅಂತ ಅವರೆದುರೇ ಹೇಳಿ, ಒಟ್ಟಿಗೆ ಪುಸ್ತಕ ತೆಗೆಯಿರಿ. ಆಗಲೂ ಬಗೆಹರಿಯದಿದ್ದರೆ ಎಲ್ಲರೂ ಸೇರಿ ನಿಮ್ಮ ಮೇಷ್ಟ್ರ ಹತ್ತಿರ ಹೋಗಿ. ಒಬ್ಬರೇ ಕೇಳುವ ಹೆದರಿಕೆ ಆಗ ಇರುವುದಿಲ್ಲ. ಇನ್ನೊಂದು, ಸಂಜೆ ಇಡಬೇಡಿ, ಊರಿನ ಬಸ್ ತಪ್ಪುತ್ತೆ ಅಂತ ಅರ್ಧ ಜನ ಬರುವುದೇ ಇಲ್ಲ. ಮಧ್ಯಾಹ್ನ ಊಟ ಆದ ಮೇಲೆ ಖಾಲಿ ಪೀರಿಯಡ್ ಇದ್ದರೆ ಕೇಳಿ ನೋಡಿ.